ಎಡಗಡೆ ಕುರ್ಚಿಯ ಗಂಟೆಗಳು

"ಎಡಗಡೆ ಕುರ್ಚಿಯಲ್ಲಿ ಕೂತು ಹಾರಿಸಿದ ಗಂಟೆಗಳೆಷ್ಟು?" ಎಂದು ಕೇಳಿತ್ತು ದೊಡ್ಡ ಕಂಪನಿಯ ಫಾರಂ. ಆ ಒಂದು ಸಾಲು ನಮ್ಮ ಮನೆಯಲ್ಲಿ ಒಂಬತ್ತು ದಿನ ಹೊಗೆ ಎಬ್ಬಿಸಿತು.

ವಿಮಾನದ ಮೂತಿಯಲ್ಲಿ ಎರಡು ಕುರ್ಚಿಗಳಿರುತ್ತವೆ. ಎಡಗಡೆಯದು ಕ್ಯಾಪ್ಟನ್‌ನದು, ಬಲಗಡೆಯದು ಅವನ ಕೈಕೆಳಗಿನ ಕೋ-ಪೈಲಟ್‌ನದು. ಆದರೆ ಕಲಿಸುವವನು ಎಡಗಡೆ ಕೂರುವುದಿಲ್ಲ. ಕಲಿಯುವವನನ್ನು ಎಡಕ್ಕೆ ಕೂರಿಸಿ ತಾನು ಬಲಕ್ಕೆ ಸರಿಯುತ್ತಾನೆ. ಹುಡುಗ ತಪ್ಪಿದರೆ ತಿದ್ದುವ ಕೈ ಅವನದು, ಇಬ್ಬರ ಜೀವದ ಹೊಣೆಯೂ ಅವನದು. ನನ್ನ ಗಂಡ ಸೇನೆಯ ಸಾಗಣೆ ವಿಮಾನಗಳನ್ನು ಇಪ್ಪತ್ತನಾಲ್ಕು ವರ್ಷ ಹಾರಿಸಿದರು. ಅದರಲ್ಲಿ ಹನ್ನೊಂದು ವರ್ಷ ಬಲಗಡೆ ಕೂತು ಕಲಿಸಿದರು. ಈ ತಿಂಗಳ ಕೊನೆಗೆ ನಿವೃತ್ತಿ. ವಯಸ್ಸು ನಲವತ್ತಾರು.

ಇವರಿಗೆ ಸುಳ್ಳು ಬರೆಯಲು ಬರುವುದಿಲ್ಲ. ಒಟ್ಟು ಗಂಟೆ ಆರು ಸಾವಿರದ ಇನ್ನೂರು, ಎಡಗಡೆ ಎರಡು ಸಾವಿರದ ನೂರು ಎಂದು ತುಂಬಿದರು. ಸಂದರ್ಶನವೂ ಆಯಿತು. ಕೊನೆಗೆ ಪತ್ರ ಬಂತು: ಎಡಗಡೆ ಮೂರು ಸಾವಿರ ಗಂಟೆ ಇಲ್ಲದ್ದರಿಂದ ತಮ್ಮನ್ನು ಕ್ಯಾಪ್ಟನ್ ಆಗಿ ತೆಗೆದುಕೊಳ್ಳಲು ಸಾಧ್ಯವಿಲ್ಲ, ಕೋ-ಪೈಲಟ್ ಆಗಿ ಸೇರಲು ಸ್ವಾಗತ, ಮುಂದಿನ ವಾರ ಶುಕ್ರವಾರ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸುವುದು.

"ಹನ್ನೊಂದು ವರ್ಷ ನಾನು ಏನು ಮಾಡ್ತಿದ್ದೆ ಹಾಗಾದ್ರೆ?" ಇವರು ಪತ್ರವನ್ನು ಊಟದ ಮೇಜಿನ ಮೇಲೆ ಬಡಿದರು. "ಕಿಟಕಿ ಆಚೆ ಮೋಡ ಎಣಿಸ್ತಾ ಕೂತಿದ್ನಾ?"

"ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ," ಎಂದರು ಅತ್ತೆ, ತಟ್ಟೆಯಿಂದ ತಲೆ ಎತ್ತದೆ.

"ಕತ್ತೆ ಅಲ್ಲಮ್ಮ, ಕಂಪ್ಯೂಟರ್."

"ಕತ್ತೆಯಾದ್ರೆ ಕರೆದಾಗ ಒಂದ್ಸಲ ತಿರುಗಿಯಾದ್ರೂ ನೋಡುತ್ತೆ ಕಣೋ."

ನನಗೂ ಮೈ ಉರಿಯಿತು. ಆ ಬಲಗಡೆ ಕುರ್ಚಿ ಎಂಥದೆಂದು ನನಗೆ ಗೊತ್ತು. ಬೆಟ್ಟಗಳ ನಡುವಿನ ಗಿಡ್ಡ ರನ್‌ವೇಯಲ್ಲಿ ಹುಡುಗನೊಬ್ಬ ಮಂಜಿನೊಳಗೆ ಕಂಗಾಲಾಗಿ ಕೈಬಿಟ್ಟಾಗ ಇವರು ಬಲಗಡೆಯಿಂದಲೇ ವಿಮಾನವನ್ನು ಮತ್ತೆ ಮೇಲಕ್ಕೆತ್ತಿದ್ದರು. ಅಂದು ಮನೆಗೆ ಬಂದವರು ಶೂ ಬಿಚ್ಚಲು ಕೂತು ಹಾಗೇ ಅರ್ಧ ಗಂಟೆ ಕೂತಿದ್ದರು, ಲೇಸು ಕೈಯಲ್ಲೇ ಇತ್ತು. ಆ ಹುಡುಗನ ಲಾಗ್‌ಬುಕ್ಕಿನಲ್ಲಿ ಆ ದಿನ ಎರಡು ಗಂಟೆ ಹತ್ತು ನಿಮಿಷ, ಎಡಗಡೆ. ಇವರದರಲ್ಲಿ ಅಷ್ಟೇ ಹೊತ್ತು, ಬಲಗಡೆ.

ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ಕಪ್ಪೆ.

ಕಪ್ಪೆ ಎಂದರೆ ಇವರ ಹಳೆಯ ಶಿಷ್ಯ. ಕಲಿಯುವ ದಿನಗಳಲ್ಲಿ ಅವನು ವಿಮಾನ ಇಳಿಸಿದರೆ ಅದು ನೆಲಕ್ಕೆ ಬಡಿದು ಮೂರು ಸಲ ಕುಪ್ಪಳಿಸಿಯೇ ನಿಲ್ಲುತ್ತಿತ್ತು. ಹೆಸರಿಟ್ಟವರು ಇವರೇ. ಒಂಬತ್ತು ವರ್ಷದ ಹಿಂದೆ ಅವನು ಸೇನೆ ಬಿಟ್ಟು ದೊಡ್ಡ ಕಂಪನಿ ಸೇರಿದ. ಈಗ ಅಲ್ಲಿ ಕ್ಯಾಪ್ಟನ್, ಭುಜದ ಮೇಲೆ ನಾಲ್ಕು ಪಟ್ಟಿ. ಇವರ ಸಂದರ್ಶನಕ್ಕೆ ಮೇಜಿನ ಆಚೆ ಕೂತ ಮೂವರಲ್ಲಿ ಅವನೂ ಒಬ್ಬ. ವಿಮಾನ ಕಂಪನಿಗಳಲ್ಲಿ ಸೇರಿದ ದಿನಾಂಕವೇ ಜಾತಕ: ಯಾವ ವಿಮಾನ, ಯಾವ ರಜೆ, ಯಾವಾಗ ಬಡ್ತಿ, ಎಲ್ಲವೂ ಅದನ್ನೇ ನೋಡಿ. ಇವರು ಸೇರಿದರೆ ಸಾಲಿನ ಕಟ್ಟಕಡೆಗೆ. ಕಪ್ಪೆ ಎಡಗಡೆ, ಇವರು ಬಲಗಡೆ.

"ಅವತ್ತೂ ಹಾಗೇ ಅಲ್ವಾ ಕೂರ್ತಿದ್ದಿದ್ದು?" ಎಂದೆ.

"ಅವತ್ತು ನಾನು ಹೇಳ್ತಿದ್ದೆ, ಅವನು ಕೇಳ್ತಿದ್ದ. ಇನ್ಮೇಲೆ ಅವನು ಹೇಳ್ತಾನೆ, ನಾನು 'ಆಯ್ತು ಕ್ಯಾಪ್ಟನ್' ಅನ್ಬೇಕು. ಕಪ್ಪೆಗೆ!"

"ಗುರುವಿಗೇ ತಿರುಮಂತ್ರ," ಎಂದು ಅತ್ತೆ ನಿಟ್ಟುಸಿರುಬಿಟ್ಟರು. ಅವರ ಹತ್ತಿರ ಎಲ್ಲದಕ್ಕೂ ಒಂದು ಗಾದೆ ಉಂಟು. ಇಲ್ಲದಿದ್ದರೆ ಆ ದಿನ ಅವರಿಗೆ ಹುಷಾರಿಲ್ಲವೆಂದು ಅರ್ಥ.

ಮೂರನೆಯ ದಿನ ಚಿಕ್ಕ ಕಂಪನಿಯಿಂದ ಫೋನು ಬಂತು. ಸರಕು ಸಾಗಿಸುವ ಕಂಪನಿ, ಐದು ವಿಮಾನ, ಇಲ್ಲಿಂದ ರೈಲಿನಲ್ಲಿ ಎರಡು ದಿನದ ದಾರಿ. ಅದರ ಮುಖ್ಯಸ್ಥನೇ ಮಾತಾಡಿದ. ಯಾವ ಕುರ್ಚಿ ಎಂದು ಕೇಳಲಿಲ್ಲ. "ಎಷ್ಟು ಹುಡುಗರನ್ನ ತಯಾರು ಮಾಡಿದ್ದೀರಿ?" ಎಂದು ಕೇಳಿದ. ಇವರು ನೂರಾ ಹನ್ನೆರಡು ಎಂದರು. "ಹಾಗಾದ್ರೆ ಕ್ಯಾಪ್ಟನ್, ಯಾವತ್ತು ಬರ್ತೀರಿ?" ಎಂದನಂತೆ.

'ಕ್ಯಾಪ್ಟನ್' ಎಂಬ ಆ ಒಂದು ಪದಕ್ಕೆ ಇವರ ಬೆನ್ನು ನೆಟ್ಟಗಾದದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಸಂತೋಷವೇ ಆಯಿತು. ದೇವರೇ, ಒಬ್ಬನಾದರೂ ಸರಿಯಾದ ಪ್ರಶ್ನೆ ಕೇಳಿದನಲ್ಲ ಎಂದುಕೊಂಡೆ. ಆಮೇಲೆ ನೆಟ್ಟಗೆ ನಡೆದು ಹೋಗಿ ಒಲೆ ಆರಿಸಿ, ಗೋಡೆಗೆ ಒರಗಿ ನಿಂತೆ. ನನ್ನ ಕೈಚೀಲದಲ್ಲೂ ಒಂದು ಪತ್ರ ಇತ್ತು.

ನಾನು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಶಬ್ದ ಒಳಗೆ ಬರದ ಪುಟ್ಟ ಕೋಣೆ, ಅದಕ್ಕೊಂದು ಗಾಜಿನ ಕಿಟಕಿ, ಆಚೆ ನಾನು, ನನ್ನ ಮುಂದೆ ಯಂತ್ರ. ಒಳಗೆ ಕೂತವರ ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣಸಣ್ಣ ಶಬ್ದ ಕಳಿಸುತ್ತೇನೆ. ಕೇಳಿಸಿದರೆ ಕೈ ಎತ್ತಬೇಕು. ಮಕ್ಕಳಾದರೆ ಪ್ರತಿ ಶಬ್ದಕ್ಕೂ ಒಂದು ಮರದ ಗೋಲಿಯನ್ನು ಡಬ್ಬಿಗೆ ಹಾಕಬೇಕು. ಗೋಲಿ ಬೀಳದಿದ್ದರೆ ಕೋಣೆಯಾಚೆ ನಿಂತ ತಾಯಿಯ ಮುಖ ನೋಡಲಾಗುವುದಿಲ್ಲ. ನಮ್ಮ ವಿಭಾಗದ ಮುಖ್ಯಸ್ಥೆ ನಿವೃತ್ತರಾಗುತ್ತಿದ್ದರು. ಆ ಜಾಗಕ್ಕೆ ನನ್ನನ್ನು ಕರೆದಿದ್ದರು. ಕಾಯಂ ಹುದ್ದೆ. ನಮ್ಮ ದೊಡ್ಡ ಡಾಕ್ಟರಮ್ಮ ಪತ್ರ ಕೈಗಿಟ್ಟು, "ಮುಂದಿನ ವಾರ ಶುಕ್ರವಾರ ಹೇಳಿ, ಇಲ್ಲದಿದ್ರೆ ಹೊರಗಿನವರನ್ನ ಕರೀಬೇಕಾಗುತ್ತೆ," ಎಂದಿದ್ದರು.

ಮದುವೆಯಾದ ಇಪ್ಪತ್ತೊಂದು ವರ್ಷಗಳಲ್ಲಿ ಈ ಆಸ್ಪತ್ರೆಯದು ನನ್ನ ಏಳನೆಯ ಕೆಲಸ. ಸೇನೆಯಲ್ಲಿ ವರ್ಗಾವಣೆಯಾದರೆ ಗಂಡಸಿನ ಹುದ್ದೆ ಅವನ ಜೊತೆಗೇ ಲಾರಿ ಹತ್ತಿ ಬರುತ್ತದೆ. ಹೆಂಡತಿಯದು ಹಳೆಯ ಊರಿನಲ್ಲೇ ಉಳಿಯುತ್ತದೆ. ಒಂದು ಊರಿನಲ್ಲಿ ಕಾರ್ಖಾನೆಯ ಗೇಟಿನ ಮುಂದೆ ವ್ಯಾನಿನೊಳಗೆ ಕೂತು ಕೆಲಸಗಾರರ ಕಿವಿ ನೋಡಿದೆ. ಇನ್ನೊಂದರಲ್ಲಿ ಶ್ರವಣಯಂತ್ರದ ಅಂಗಡಿಯ ಕೌಂಟರಿನಲ್ಲಿ ಬ್ಯಾಟರಿ ಮಾರಿದೆ. ಇದಕ್ಕಿಂತ ಹಿಂದಿನ ಊರಿನಲ್ಲಿ ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು ನನ್ನ ಮೇಲಧಿಕಾರಿ. ಮೂರು ತಿಂಗಳು ಹೆಡ್‌ಫೋನು ಒರೆಸುವ ಕೆಲಸ ಬಿಟ್ಟು ಬೇರೇನೂ ಕೊಡಲಿಲ್ಲ. "ಆಂಟಿ, ಸ್ಪಿರಿಟ್ ಜಾಸ್ತಿ ಆಯ್ತು," ಎನ್ನುತ್ತಿದ್ದಳು. ಸರಿಯಮ್ಮ ಎಂದು ಒರೆಸುತ್ತಿದ್ದೆ. ಮನೆಗೆ ಬಂದು ಅದನ್ನು ತಮಾಷೆಯೆಂಬಂತೆ ಹೇಳಿದರೆ ಇವರು ನಕ್ಕಿದ್ದರು. ನಾನೂ ನಕ್ಕಿದ್ದೆ.

ಹಾಗಾದರೆ ಪತ್ರದ ವಿಷಯ ಇವರಿಗೆ ಆ ದಿನವೇ ಯಾಕೆ ಹೇಳಲಿಲ್ಲ? ನಮ್ಮಪ್ಪ ಪದ್ಯಗಳನ್ನು ರಾಗವಾಗಿ ಓದುತ್ತಿದ್ದವರು. ನಡುವೆ ಯಾರಾದರೂ ಬಾಯಿ ಹಾಕಿದರೆ ಪುಸ್ತಕ ಮುಚ್ಚಿಬಿಡುತ್ತಿದ್ದರು. ಪದ್ಯ ಮುಗಿಯುವವರೆಗೆ ಕಾಯುವುದು ನನಗೆ ಎದೆಹಾಲಿನ ಜೊತೆ ಬಂದ ಅಭ್ಯಾಸ. ಇವರ ಪದ್ಯವಂತೂ ಮುಗಿಯುವ ಹಾಗೆ ಕಾಣಲಿಲ್ಲ. ಬೆಳಿಗ್ಗೆ ಎದ್ದರೆ ಎಡಗಡೆ, ಮಲಗುವಾಗ ಬಲಗಡೆ. ಚಹಾ ಕುಡಿಯುತ್ತ ಕಪ್ಪೆ. ಸ್ನಾನದ ಮನೆಯೊಳಗಿಂದಲೂ "ಮೂರು ಸಾವಿರವಂತೆ, ಮೂರು ಸಾವಿರ!" ಎಂದು ಕೇಳಿಸುತ್ತಿತ್ತು. ಪ್ರತಿದಿನ ಪ್ರಾರ್ಥನೆಗೆ ಕೂತಾಗ ದೇವರನ್ನು ಕೇಳುತ್ತಿದ್ದೆ: ಇವರ ಬಾಯಿಯಿಂದ ಒಂದೇ ಒಂದು ಪ್ರಶ್ನೆ ಬರಿಸು. 'ನಿನ್ನ ಕೆಲಸದ ಕಥೆ ಏನು?' ಅಷ್ಟೇ. ಬಾಕಿ ನಾನು ನೋಡಿಕೊಳ್ಳುತ್ತೇನೆ.

ದೇವರು ಕೇಳಿಸಿಕೊಂಡಿರಬಹುದು. ಇವರು ಕೇಳಲಿಲ್ಲ.

ಮಂಗಳವಾರ ಸಂಜೆ ಕಪ್ಪೆಯೇ ಮನೆಗೆ ಬಂದ. ಸಮವಸ್ತ್ರ ಹಾಕಿರಲಿಲ್ಲ. ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು, ಒಂದು ಬುಟ್ಟಿ ಹಣ್ಣು ಹಿಡಿದು ನಿಂತಿದ್ದ. ಮೂವತ್ತೆಂಟಾದರೂ ಇವರ ಮುಂದೆ ಕುರ್ಚಿಯ ತುದಿಯಲ್ಲೇ ಕೂತ.

"ಸರ್, ನಾನು ಪ್ಯಾನೆಲ್‌ನಲ್ಲಿ ಹೇಳ್ದೆ. ಇವರು ಕೂತಿದ್ದು ಬಲಗಡೆ ಆದ್ರೂ ವಿಮಾನ ಇವರದೇ ಆಗಿತ್ತು ಅಂತ. ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ ಅಂದ್ರು."

"ಜಾಗ ಇಲ್ವಂತೆ! ನಿನಗೆ ಇಳಿಸೋದು ಕಲಿಸಿದ ಗಂಟೆಗಳು ನಿನ್ನ ಲೆಕ್ಕಕ್ಕೆ ಎಡಗಡೆ ಅಂತ ಸೇರ್ಕೊಂಡ್ವು. ನನ್ನ ಲೆಕ್ಕಕ್ಕೆ ಅವು ಸೊನ್ನೆ. ನ್ಯಾಯವೇನಯ್ಯ?"

"ಅಲ್ಲ ಸರ್. ಅನ್ಯಾಯವೇ." ಕಪ್ಪೆ ನೆಲ ನೋಡಿದ. "ಆದ್ರೆ ಬನ್ನಿ ಸರ್. ಮುಂದಿನ ತಿಂಗಳ ಬ್ಯಾಚಿಗೆ ಸೇರಿದ್ರೆ ಐದು ವರ್ಷಕ್ಕೆ ಎಡಗಡೆ ಬರ್ತೀರಿ. ಮನೆ ಇಲ್ಲೇ, ಊರು ಇಲ್ಲೇ. ಆ ಸರಕಿನ ಕಂಪನೀಲಿ ನಾಲ್ಕು ಪಟ್ಟಿ ಕೊಡ್ತಾರೆ, ಸರಿ. ಕಂಪನಿ ಒಳ್ಳೇದು, ನಾನು ಕೆಟ್ಟದ್ದು ಹೇಳಲ್ಲ. ಆದ್ರೆ ಮೇಡಂ…"

ಮೇಡಂ ಎಂದವನು ನನ್ನ ಕಡೆ ನೋಡಿದ. ಅವನ ಮಗಳ ಕಿವಿ ನೋಡಿದವಳು ನಾನೇ. ಆಸ್ಪತ್ರೆಯ ಸುದ್ದಿ ಅವನ ಹೆಂಡತಿಗೆ ಗೊತ್ತಿರಬೇಕು.

"ಮೇಡಂಗೇನು?" ಎಂದರು ಇವರು. "ಅವಳು ಎಲ್ಲಿಗೆ ಹೋದ್ರೂ ಹೊಂದ್ಕೊಳ್ತಾಳೆ. ನಮ್ಮವಳು ನೀರಿದ್ದ ಹಾಗೆ, ಯಾವ ಪಾತ್ರೆಗೆ ಹಾಕಿದ್ರೂ ಸರಿ."

ಹೊಗಳಿಕೆ ಎಂದುಕೊಂಡೇ ಹೇಳಿದರು. ಕಪ್ಪೆ ಮತ್ತೆ ನೆಲ ನೋಡಿದ. ನಾನು ಹಣ್ಣು ತೊಳೆಯಲು ಒಳಗೆ ಹೋದೆ. ತೊಳೆದದ್ದನ್ನೇ ಮೂರು ಸಲ ತೊಳೆದೆ.

ಅವನು ಹೋದಮೇಲೆ ಅತ್ತೆ, "ಕಪ್ಪೆ ಅಂತೀಯಲ್ಲೋ, ಆ ಮಗು ಎಷ್ಟು ವಿನಯವಾಗಿದೆ," ಎಂದರು.

"ವಿನಯವೇ ನನಗೆ ಉರಿಯೋದು ಅಮ್ಮ. ಸೊಕ್ಕು ತೋರಿಸಿದ್ರೆ ಬೈಯಬಹುದಿತ್ತು."

ಗುರುವಾರ ಸಂಜೆ ಇವರು ಬೇಗ ಬಂದರು. ಮುಖ ತಿಳಿಯಾಗಿತ್ತು. ಕೈಕಾಲು ತೊಳೆದು ಮೇಜಿನ ಮುಂದೆ ಕೂತು ಕವರೊಂದನ್ನು ತೆಗೆದರು. ಕಿಟಕಿಯಾಚೆ ಎದುರುಮನೆಯವರು ಮೇಲಿನ ಅಂತಸ್ತಿನಿಂದ ಕಪಾಟೊಂದನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು, ಅವರಿಗೂ ವರ್ಗಾವಣೆ.

"ತೀರ್ಮಾನ ಮಾಡ್ಬಿಟ್ಟೆ," ಎಂದರು. "ಚಿಕ್ಕದೇ ಸರಿ. ನಲವತ್ತಾರನೇ ವಯಸ್ಸಲ್ಲಿ ಕೆಳಗಿನ ಮೆಟ್ಟಿಲಿಂದ ಶುರು ಮಾಡು ಅಂದ್ರೆ ಯಾರು ಮಾಡ್ತಾರೆ? ನಿನ್ನೆ ಮೊನ್ನೆ ಬಂದವರ ಕೈಕೆಳಗೆ? ಮಾನ ಮರ್ಯಾದೆ ಇರೋರು ಯಾರಾದ್ರೂ ಒಪ್ತಾರಾ, ನೀನೇ ಹೇಳು."

ಕೊನೆಗೂ ಪ್ರಶ್ನೆ ಬಂದಿತ್ತು. ನಾನು ಬೇಡಿಕೊಂಡ ಪ್ರಶ್ನೆಯಲ್ಲ. ಆದರೂ ಬಾಯಿ ತೆರೆಯುವಷ್ಟರಲ್ಲಿ ಇವರು ಒಂದು ಹಾಳೆಯನ್ನು ನನ್ನ ಕಡೆ ಸರಿಸಿ ಪೆನ್ನು ಇಟ್ಟರು.

"ಇಲ್ಲಿ ಒಂದು ಸಹಿ ಹಾಕು. ಅಲ್ಲಿ ಕ್ವಾರ್ಟರ್ಸ್ ಕೊಡ್ತಾರೆ, ಅದಕ್ಕೆ ಮನೆಯವರ ಒಪ್ಪಿಗೆ ಬೇಕಂತೆ. ಬಾಕಿ ಎಲ್ಲ ತುಂಬಿದ್ದೀನಿ."

ನಾನು ಏನನ್ನೂ ಓದದೆ ಸಹಿ ಮಾಡುವವಳಲ್ಲ. ಹೆಸರು, ವಯಸ್ಸು, ರಕ್ತದ ಗುಂಪು. ಅವಲಂಬಿತರು: ತಾಯಿ, ಹೆಂಡತಿ, ಹಾಸ್ಟೆಲಿನಲ್ಲಿ ಓದುವ ಮಗಳು. ಕುಟುಂಬ ಕೂಡಲೇ ಬರಲು ಸಿದ್ಧವೇ: ಹೌದು. ಅದರ ಕೆಳಗೆ, ಹೆಂಡತಿಯ ಉದ್ಯೋಗ. ಅದರ ಮುಂದೆ ಇವರ ದುಂಡು ಅಕ್ಷರದಲ್ಲಿ: ಇಲ್ಲ.

ಎರಡು ಸಲ ಓದಿದೆ.

"ರೀ, ಇದೇನು?"

"ಯಾವುದು?"

"ಇದು. 'ಇಲ್ಲ' ಅಂತ ಬರೆದಿದ್ದೀರಲ್ಲ."

ಇವರು ಬಗ್ಗಿ ನೋಡಿದರು. ನಿಜವಾಗಿಯೂ ಅರ್ಥವಾಗಲಿಲ್ಲ ಅವರಿಗೆ. ಅದೇ ನನ್ನನ್ನು ಸುಟ್ಟದ್ದು. "ಓ ಅದಾ. ಕುಟುಂಬ ಕಾರ್ಡಲ್ಲಿ ಹಾಗೇ ಅಲ್ವಾ ಬರೆಯೋದು? ಅಭ್ಯಾಸ. ಕೈ ತಾನೇ ಬರೀತು."

ಸೇನೆಯ ಕುಟುಂಬ ಕಾರ್ಡು! ಪ್ರತಿ ವರ್ಗಾವಣೆಗೂ ಹೊಸದು ಮಾಡಿಸಬೇಕು. ಕಾರ್ಡು ತುಂಬುವ ದಿನ ನಾವು ಲಾರಿ ಇಳಿದು ಎರಡು ದಿನವಾಗಿರುತ್ತಿತ್ತು. ಹಳೆಯ ಊರಿನ ಕೆಲಸ ನಾನು ಬಿಟ್ಟಾಗಿರುತ್ತಿತ್ತು, ಹೊಸ ಊರಿನದು ಇನ್ನೂ ಹುಡುಕಿರುತ್ತಿರಲಿಲ್ಲ. ಹಾಗಾಗಿ ಒಂದೊಂದು ಕಾರ್ಡಿನಲ್ಲೂ 'ಇಲ್ಲ'. ಸುಳ್ಳೆಂದು ಯಾರೂ ಹೇಳುವಂತಿಲ್ಲ. ಇಪ್ಪತ್ತೊಂದು ವರ್ಷ ದುಡಿದವಳು ಸರ್ಕಾರದ ಕಾಗದದ ಮೇಲೆ ಒಂದು ದಿನವೂ ದುಡಿದಿರಲಿಲ್ಲ. ಈಗ ಕಾರ್ಡೂ ಇಲ್ಲ, ಸೇನೆಯೂ ಇಲ್ಲ. ಆದರೂ ಕೈ ಮಾತ್ರ ತಾನೇ ಬರೆಯುತ್ತಿದೆ.

"ಒಂಬತ್ತು ದಿನ," ಎಂದೆ. ಪೆನ್ನನ್ನು ಆಚೆ ಸರಿಸಿದೆ. "ಒಂಬತ್ತು ದಿನ ನಿಮ್ಮ ಜೊತೆ ಕೂತು ಆ ಕಂಪ್ಯೂಟರನ್ನ ಬೈದೆ ನಾನು. ನನ್ನ ಗಂಡ ಹನ್ನೊಂದು ವರ್ಷ ಮಾಡಿದ್ದು ಇದಕ್ಕೆ ಕಾಣ್ಲಿಲ್ವಲ್ಲ ಅಂತ. ಅದು ನಿಮಗೆ ಎರಡು ಸಾವಿರದ ನೂರಾದ್ರೂ ಕೊಡ್ತು ರೀ. ನೀವು ನನಗೆ 'ಇಲ್ಲ' ಅಂತ ಬರೆದ್ರಿ."

"ಏ, ಅದಕ್ಕೂ ಇದಕ್ಕೂ ಏನು ಸಂಬಂಧ? ಒಂದು ಸಾಲು ಅದು. ಹೊಡೆದು ಹಾಕಿ ಬೇರೆ ಬರೆದ್ರಾಯ್ತು."

"ಮಾನ ಮರ್ಯಾದೆ ಇರೋರು ಯಾರೂ ಕೆಳಗಿಂದ ಶುರು ಮಾಡಲ್ಲ ಅಂದ್ರಲ್ಲ, ಈಗ ತಾನೇ. ನಾನು ಏಳು ಸಲ ಮಾಡ್ದೆ. ನನಗೆ ಮಾನ ಇರ್ಲಿಲ್ವಾ?"

"ನಿಂದು ಬೇರೆ," ಎಂದರು ಇವರು.

ಈ ಎರಡು ಪದ ಬಾಯಿಂದ ಬೀಳುತ್ತಿದ್ದಂತೆ ತಪ್ಪಿದೆನೆಂದು ಅವರಿಗೂ ಗೊತ್ತಾಗಿರಬೇಕು. ಕೈ ಅರ್ಧಕ್ಕೆ ನಿಂತಿತು. ಬಿಟ್ಟ ಬಾಣ ಹಿಂದಕ್ಕೆ ಬರುತ್ತದೆಯೇ?

"ಹೇಗೆ ಬೇರೆ? ಹೇಳಿ, ಕೇಳ್ತೀನಿ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು ನನ್ನ ಕೈಲಿ ಹೆಡ್‌ಫೋನ್ ಒರೆಸಿದಳು. ನೀವು ನಕ್ಕಿರಿ. ನಿಮ್ಮ ಕಪ್ಪೆ ನಿಮ್ಮ ಮುಂದೆ ಕೈಕಟ್ಟಿ ಕೂತು ಅನ್ಯಾಯ ಆಯ್ತು ಸರ್ ಅಂದ. ನನಗೆ ಯಾರು ಅಂದ್ರು?"

"ನೀನು ಯಾವತ್ತೂ ಹೇಳ್ಲೇ ಇಲ್ವಲ್ಲ!"

"ನೀವು ಯಾವತ್ತು ಕೇಳಿದ್ರಿ?"

ಅತ್ತೆ ಕುರ್ಚಿಯನ್ನು ಕರ್ರೆಂದು ಹಿಂದೆ ಸರಿಸಿದರು. ಗಾದೆಯೊಂದು ಬರುತ್ತದೆ ಎಂದುಕೊಂಡೆ. ಬರಲಿಲ್ಲ.

"ನನ್ನ ಹೆಸರೂ ಇದೆಯೇನೋ ಅದರಲ್ಲಿ?" ಎಂದು ಮಗನನ್ನು ಕೇಳಿದರು.

"ಇದೆ ಅಮ್ಮ. ಅವಲಂಬಿತರು ಅಂತ."

"ಕೂಡಲೇ ಬರಲು ಸಿದ್ಧ ಅಂತಲೂ ಬರೆದಿದ್ದೀಯಾ? ಎರಡು ದಿನ ರೈಲಲ್ಲಿ ಕೂರೋಕೆ ಈ ಸೊಂಟ ಒಪ್ಪಬೇಕಲ್ಲ, ಸೊಂಟವನ್ನ ಕೇಳಿದ್ಯಾ? ಅವಳನ್ನ ಬಿಡು, ಹೆಂಡತಿ. ನನ್ನನ್ನಾದ್ರೂ ಕೇಳಬಹುದಿತ್ತು. ಹೆತ್ತವಳು."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಂದು ಕೈಚೀಲ ತೆಗೆದು, ಪತ್ರವನ್ನು ಅವರ ಫಾರಂನ ಪಕ್ಕಕ್ಕಿಟ್ಟೆ. ಇವರು ಓದಿದರು. ಓದುತ್ತ ಓದುತ್ತ ಅವರ ಕಿವಿಯ ತುದಿ ಕೆಂಪಾಯಿತು.

"ಮುಖ್ಯಸ್ಥೆ," ಎಂದರು ಮೆಲ್ಲಗೆ. "ಯಾವಾಗ ಬಂತು ಇದು?"

"ನಿಮ್ಮ ಪತ್ರ ಬಂದ ದಿನವೇ."

"ಹೇಳೋದಲ್ವಾ! ಗೊತ್ತಿದ್ರೆ ನಾನು…"

"ಗೊತ್ತಿದ್ರೆ ಏನು? ತ್ಯಾಗ ಮಾಡ್ತಿದ್ರಾ? ತ್ಯಾಗ ಬೇಡ ನನಗೆ. ನಾನು ಸಹಿ ಹಾಕಲ್ಲ. ನಾನು ಈ ಊರು ಬಿಡಲ್ಲ. ನಿಮಗೆ ನಾಲ್ಕು ಪಟ್ಟಿ ಬೇಕಾದ್ರೆ ಹೋಗಿ, ಖಂಡಿತ ಹೋಗಿ, ನಿಮಗೆ ಅದು ಸಲ್ಲಬೇಕಾದ್ದೇ. ರಜೆಗೆ ಬನ್ನಿ, ಬಾಗಿಲು ತೆಗೀತೀನಿ. ಆದ್ರೆ ಇನ್ನೊಂದು ಊರಿಗೆ ಹೋಗಿ ಇನ್ನೊಬ್ಬಳ ಹೆಡ್‌ಫೋನ್ ಒರೆಸಲ್ಲ."

ಇಷ್ಟು ಮಾತನ್ನು ನಾನು ಒಟ್ಟಿಗೆ ಆಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಇವರು ಫಾರಂ ಎತ್ತಿಕೊಂಡು ಒಳಗಿನ ಕೋಣೆಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ, ಬಡಿಯಲೂ ಇಲ್ಲ. ಅತ್ತೆ ನನ್ನ ತಟ್ಟೆಗೆ ಬಡಿಸಿದರು. "ತಿನ್ನಮ್ಮ. ಜಗಳಕ್ಕೆ ಶಕ್ತಿ ಬೇಕು," ಎಂದರು.

ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆಗೆ ಕೂತರೂ ಏನನ್ನೂ ಬೇಡಲಿಲ್ಲ. ಬೇಡುವುದೆಲ್ಲ ಖರ್ಚಾಗಿತ್ತು. ಒಳಕೋಣೆಯಿಂದ ಇವರು ಚಿಕ್ಕ ಕಂಪನಿಯವರ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು. "ಕುಟುಂಬ ಬರದಿದ್ರೂ ಪರವಾಗಿಲ್ವಾ? ಒಬ್ಬನಿಗೆ ಕೋಣೆ ಕೊಡ್ತೀರಾ? ಸರಿ… ಸರಿ. ಸಂಜೆಯೊಳಗೆ ಹೇಳ್ತೀನಿ." ಅಂದರೆ ದಾರಿ ಅವರಿಗೆ ತೆರೆದೇ ಇತ್ತು. ಆದರೂ ಒಳಗೆ ಹೋಗಿ ಕೇಳಲಿಲ್ಲ. ಕೇಳಿದರೆ ನಿನ್ನೆ ಆಡಿದ್ದೆಲ್ಲ ಬೆದರಿಕೆ ಎಂದಾಗಿಬಿಡುತ್ತಿತ್ತು. ಅದು ಬೆದರಿಕೆಯಾಗಿರಲಿಲ್ಲ.

ಒಂಬತ್ತೂವರೆಗೆ ದೊಡ್ಡ ಡಾಕ್ಟರಮ್ಮನ ಕೋಣೆಯಲ್ಲಿ ಸಹಿ ಹಾಕಿದೆ. ಗಂಡ ಎಲ್ಲಿರುತ್ತಾರೆಂದು ತಿಳಿಯದೆ ನಾನು ಮಾಡಿದ ಮೊದಲ ತೀರ್ಮಾನ. "ಮನೆಯಲ್ಲಿ ಎಲ್ಲ ಒಪ್ಪಿದ್ರಾ?" ಎಂದು ಅವರು ಕೇಳಿದರು. "ನಾನು ಒಪ್ಪಿದೆ," ಎಂದೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಬೀಗದ ಕೈ ಗೊಂಚಲನ್ನು ಕೊಟ್ಟರು.

ಅಂದು ಮಕ್ಕಳ ಕಿವಿ ನೋಡುವ ದಿನ. ಹನ್ನೊಂದು ಮಕ್ಕಳು. ಒಬ್ಬ ಪುಟ್ಟ ಡಬ್ಬಿಗೆ ಹಾಕಬೇಕಾದ ಗೋಲಿಗಳನ್ನೆಲ್ಲ ಜೇಬಿಗೆ ಹಾಕಿಕೊಂಡು, ಕೇಳಿದರೆ, "ಕೇಳಿಸ್ತು, ಅದಕ್ಕೇ ಇಟ್ಕೊಂಡೆ," ಎಂದ. ಅವನ ತಾಯಿಯ ಜೊತೆ ನಾನೂ ನಕ್ಕೆ. ನಕ್ಕು ಮತ್ತೆ ಗಡಿಯಾರ ನೋಡಿದೆ.

ಎರಡೂವರೆ ಗಂಟೆಗೆ ಮುಂದಿನ ಚೀಟಿ ಕೂಗಿದಾಗ ಬೆಂಚಿನಿಂದ ಎದ್ದು ಬಂದವರು ಇವರು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಈ ವಿಭಾಗಕ್ಕೆ ಕಾಲಿಟ್ಟವರಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಚೀಟಿ, ಹನ್ನೆರಡನೇ ನಂಬರು. ಎಷ್ಟು ಹೊತ್ತಿನಿಂದ ಕೂತಿದ್ದರೋ. ಎಡಕ್ಕೊಂದು ಬಲಕ್ಕೊಂದು ಅಳುವ ಮಗುವಿದ್ದ ಬೆಂಚು ಅದು.

ಫಾರಂ ಮುಂದಿಟ್ಟರು. ದೊಡ್ಡ ಕಂಪನಿಯದು. ಒಪ್ಪಿಗೆಯ ಜೊತೆ ಐದರೊಳಗೆ ಕಿವಿ ಪರೀಕ್ಷೆಯ ವರದಿ ಕೊಡಬೇಕಂತೆ. ಹುದ್ದೆ: ಕೋ-ಪೈಲಟ್.

"ಚಿಕ್ಕದಕ್ಕೆ ಬೇಡ ಅಂತ ಹೇಳ್ಬಿಟ್ಟೆ," ಎಂದರು ತಗ್ಗಿದ ದನಿಯಲ್ಲಿ.

"ನನಗೋಸ್ಕರವಾ?"

ಕೈಯಲ್ಲಿದ್ದ ಚೀಟಿಯನ್ನು ಮಡಿಸಿದರು. "ನಿನಗೋಸ್ಕರ ಅಂದ್ರೆ ನೀನು ಸೂಜಿ ಚುಚ್ತೀಯ. ಒಬ್ಬನೇ ಅಲ್ಲಿ ಕೂತು ನಾಲ್ಕು ಪಟ್ಟಿ ಯಾರಿಗೆ ತೋರಿಸ್ಲಿ ಅನ್ನಿಸ್ತು. ಅದೂ ಅಲ್ದೆ…" ಕುತ್ತಿಗೆ ಉಜ್ಜಿಕೊಂಡರು. "ಏಳು ಸಲ ನೀನು ಮಾಡಿದ್ದನ್ನ ನಾನು ಒಂದ್ಸಲ ಮಾಡೋಕಾಗಲ್ಲ ಅಂತ ಹೇಳೋದಕ್ಕೆ ನಾಚಿಕೆ ಆಯ್ತು. ಆದ್ರೆ ಆ ಫಾರಂ ಮಾತ್ರ ಅನ್ಯಾಯವೇ. ಇವತ್ತೂ ಹೇಳ್ತೀನಿ, ನಾಳೆಯೂ ಹೇಳ್ತೀನಿ."

"ಅನ್ಯಾಯವೇ," ಎಂದೆ. "ಎರಡೂ."

ಎರಡೂ ಎಂದರೇನೆಂದು ಅವರು ಕೇಳಲಿಲ್ಲ. ಕೇಳಬೇಕಾದ ಅಗತ್ಯ ಇರಲಿಲ್ಲ. ನನ್ನ ಸಿಟ್ಟು ಇಳಿದಿರಲಿಲ್ಲ. ಒಂದು ಬಿಳಿ ಅಂಗಿಗೆ, ಒಂದು ಬೆಂಚಿನ ಕಾಯುವಿಕೆಗೆ ಇಳಿದುಬಿಡುವ ಸಿಟ್ಟಲ್ಲ ಅದು. ಅವರನ್ನು ಕೋಣೆಯೊಳಗೆ ಕೂರಿಸಿ ಹೆಡ್‌ಫೋನು ಹಾಕಿದೆ, ಬಾಗಿಲೆಳೆದು ಗಾಜಿನ ಈಚೆ ಬಂದು ಕೂತೆ. ಅವರು ಅಲ್ಲಿಂದಲೇ ಏನೋ ಹೇಳಲು ಬಾಯಿ ತೆರೆದರು. ನಾನು ಮೈಕಿನ ಗುಂಡಿ ಒತ್ತಿದೆ.

"ಒಳಗೆ ಮಾತಾಡೋ ಹಾಗಿಲ್ಲ ರೀ. ಸುಮ್ಮನೆ ಕೇಳಿಸ್ಕೊಳ್ಳಿ. ಕೇಳಿಸಿದ್ರೆ ಕೈ ಎತ್ತಿ."

ಅವರು ಬಾಯಿ ಮುಚ್ಚಿ, ನೆಟ್ಟಗೆ ಕೂತು, ತಲೆಯಾಡಿಸಿದರು. ನಾನು ಎಲ್ಲಕ್ಕಿಂತ ಸಣ್ಣ ಶಬ್ದದಿಂದ ಶುರು ಮಾಡಿದೆ.